ನುಂಗಿದ ಮಾತ್ರೆ ಮೈಗೆ ಹತ್ತದಿದ್ದರೆ

ಪ್ರಶ್ನೆ: ನನಗೆ 53 ವರ್ಷ, ತೂಕ 62 ಕೆಜಿ. ಮನೆ ಡೊಂಬಿವಲಿಯಲ್ಲಿ, ಕೆಲಸ ಮುಂಬಯಿಯ ಫೋರ್ಟ್‌ನಲ್ಲಿ. ಒಂಬತ್ತು ವರ್ಷದಿಂದ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ 75 ಮೈಕ್ರೊಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಟಿಎಸ್‌ಎಚ್ (ಥೈರಾಕ್ಸಿನ್ ಸಾಲದಿದ್ದರೆ ಏರುವ ರಕ್ತದ ಅಂಕಿ) ಯಾವಾಗಲೂ 2–3ರ ಆಸುಪಾಸು ಇರುತ್ತಿತ್ತು. ಕಳೆದ ವರ್ಷ ಮುಟ್ಟು ನಿಂತ ಮೇಲೆ ಮೂಳೆ ಡಾಕ್ಟರು ಕ್ಯಾಲ್ಸಿಯಂ 500 ಬರೆದರು, ಎದೆಯುರಿಗೆಂದು ಪ್ಯಾಂಟೊಪ್ರಜೋಲ್ 40 ಕೂಡ. ಆರು ತಿಂಗಳ ಹಿಂದೆ ಟಿಎಸ್‌ಎಚ್ 7.9 ಆಯಿತು, ಥೈರಾಯ್ಡ್ ಡಾಕ್ಟರು ಡೋಸ್ 100ಕ್ಕೆ ಏರಿಸಿದರು. ಮೂರು ತಿಂಗಳ ಹಿಂದೆ ಹಿಮೋಗ್ಲೋಬಿನ್ 9.4 ಬಂತೆಂದು ಫ್ಯಾಮಿಲಿ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು. ಈಗ ನೋಡಿದರೆ ಟಿಎಸ್‌ಎಚ್ 11.8! 125 ಮಾಡೋಣ ಅನ್ನುತ್ತಿದ್ದಾರೆ. ಬೆಳಿಗ್ಗೆ 6.50ರ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಮರೆಯಬಾರದೆಂದು ನಾಲ್ಕೂ ಮಾತ್ರೆ ಒಟ್ಟಿಗೆ ನುಂಗಿ, ಹತ್ತು ನಿಮಿಷ ಬಿಟ್ಟು ಚಹಾ ಕುಡಿಯುತ್ತೇನೆ. ಮೆಡಿಕಲ್‌ನವರು ‘ಏಕ್ ಘಂಟೇ ಕಾ ಗ್ಯಾಪ್’ ಸಾಕು ಅನ್ನುತ್ತಾರೆ. ನಾದಿನಿ ಹೇಳುವುದು, ಕೋಟಿಂಗ್ ಇರುವ ಮಾತ್ರೆಗಳು ಹೊಟ್ಟೆಯಲ್ಲಿ ಒಂದಕ್ಕೊಂದು ತಾಗುವುದೇ ಇಲ್ಲವಂತೆ. ಉಷ್ಣವಾಗದಂತೆ ಹಾಲಿನ ಜೊತೆ ತೆಗೆದುಕೋ ಎಂದು ಅತ್ತೆ. ಯಾರ ಮಾತು ಕೇಳಲಿ? ಇನ್ನೊಂದು: ಮೊನ್ನೆಯ ಮಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದ ನನ್ನ ಯಜಮಾನರಿಗೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ಅದನ್ನು ಹಾಲಿನ ಜೊತೆ ಕೊಡಬಹುದೇ?

ಉತ್ತರ: ನಿಮ್ಮ ಪತ್ರದ ತಾರೀಖುಗಳನ್ನು ಒಂದು ಸಾಲಿನಲ್ಲಿಟ್ಟು ನೋಡಿ. ಕ್ಯಾಲ್ಸಿಯಂ ಮತ್ತು ಪ್ಯಾಂಟೊಪ್ರಜೋಲ್ ಬಂದವು, ಟಿಎಸ್‌ಎಚ್ ಏರಿತು. ಡೋಸ್ ಹೆಚ್ಚಿಸಿದ ಮೇಲೆ ಇಳಿಯಬೇಕಿತ್ತು. ಅಷ್ಟರಲ್ಲಿ ಕಬ್ಬಿಣ ಬಂತು, ಇನ್ನಷ್ಟು ಏರಿತು. ಮೂವರು ಡಾಕ್ಟರು ಬರೆದ ನಾಲ್ಕು ಮಾತ್ರೆಗಳಿವು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿದಂತೆ ಕಾಣುವುದಿಲ್ಲ. ಥೈರಾಯ್ಡ್ ಡಾಕ್ಟರು ಅವರ ಮುಂದಿದ್ದ ರಿಪೋರ್ಟಿಗೆ ಸರಿಯಾಗಿಯೇ ನಡೆದುಕೊಂಡಿದ್ದಾರೆ. ನೀವು ನಾಲ್ಕನ್ನೂ ಒಂದೇ ಗುಟುಕಿನಲ್ಲಿ ನುಂಗುತ್ತೀರಿ ಎಂಬುದು ಮಾತ್ರ ಆ ರಿಪೋರ್ಟಿನಲ್ಲಿ ಇರುವುದಿಲ್ಲ.

ಒಂದು ಸಣ್ಣ ಲೆಕ್ಕವನ್ನೂ ನೋಡೋಣ. ಥೈರಾಯ್ಡ್ ಗ್ರಂಥಿ ಪೂರ್ತಿ ಕೈಕೊಟ್ಟ ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಪ್ರತಿ ಕೆಜಿ ತೂಕಕ್ಕೆ ಸುಮಾರು 1.6 ಮೈಕ್ರೊಗ್ರಾಂ. ನಿಮ್ಮ 62 ಕೆಜಿಗೆ ಅದು ಹೆಚ್ಚುಕಡಿಮೆ 100. ನೀವು ಒಂಬತ್ತು ವರ್ಷ 75ರಲ್ಲೇ ಸುಸೂತ್ರವಾಗಿದ್ದಿರಿ, ಅಂದರೆ ಗ್ರಂಥಿ ಅಲ್ಪಸ್ವಲ್ಪ ಕೆಲಸ ಮಾಡುತ್ತಿತ್ತು. ವರ್ಷಗಳು ಕಳೆದಂತೆ ಅದು ಇನ್ನೂ ಸೊರಗಿ ಡೋಸ್ ಏರಿಸಬೇಕಾಗುವುದು ಉಂಟು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ 100 ನುಂಗಿಯೂ 11.8 ಬಂದರೆ ನುಂಗಿದ್ದು ಮೈಗೆ ಹತ್ತುತ್ತಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಹಾಗೆ ಕೇಳದೆ 125ಕ್ಕೆ ಹೋದರೆ ಏನಾಗುತ್ತದೆ? ಈಗೇನೂ ಆಗದು, ಟಿಎಸ್‌ಎಚ್ ಇಳಿಯಲೂಬಹುದು. ತೊಂದರೆ ಬರುವುದು ಕ್ಯಾಲ್ಸಿಯಂ ಕೋರ್ಸ್ ಮುಗಿದ ದಿನ, ಅಥವಾ ಊರಿಗೆ ಹೋದಾಗ ಕಬ್ಬಿಣದ ಸ್ಟ್ರಿಪ್ ಮನೆಯಲ್ಲೇ ಮರೆತುಹೋದಾಗ. ಅಡ್ಡಿ ಸರಿದುಬಿಟ್ಟಿರುತ್ತದೆ, 125 ಪೂರ್ತಿ ರಕ್ತಕ್ಕೆ ಇಳಿಯತೊಡಗುತ್ತದೆ. ಎದೆ ಹೊಡೆದುಕೊಳ್ಳುವುದು, ಕೈನಡುಕ, ನಿದ್ದೆಗೇಡು, ವಿನಾಕಾರಣ ತೂಕ ಇಳಿಯುವುದು ಶುರುವಾಗುತ್ತದೆ. ಥೈರಾಕ್ಸಿನ್ ಹೆಚ್ಚಾಗಿ ಬಹುಕಾಲ ಉಳಿದರೆ ಹೃದಯದ ಲಯ ತಪ್ಪಬಹುದು. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆಯೂ ಸವೆಯುತ್ತದೆ. ಮೂಳೆ ಗಟ್ಟಿಯಾಗಲೆಂದು ತೆಗೆದುಕೊಂಡ ಕ್ಯಾಲ್ಸಿಯಂ ಹೀಗೆ ಸುತ್ತುಬಳಸಿ ಮೂಳೆಗೇ ಮುಳುವಾಗುತ್ತದೆ.

ಹೊಟ್ಟೆಯೊಳಗೆ ನಡೆಯುವುದು ಇಷ್ಟು. ಥೈರಾಕ್ಸಿನ್ ಹೀರಲ್ಪಡುವುದು ಸಣ್ಣ ಕರುಳಿನಲ್ಲಿ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೂ ಪೂರ್ತಿ ಹೀರಲ್ಪಡುವುದಿಲ್ಲ, ಮುಕ್ಕಾಲು ಪಾಲು ಹತ್ತಿದರೆ ಹೆಚ್ಚು. ಕ್ಯಾಲ್ಸಿಯಂ ಕಾರ್ಬೊನೇಟ್ ಅಂದರೆ ಹೆಚ್ಚುಕಡಿಮೆ ಸೀಮೆಸುಣ್ಣದ ಪುಡಿಯೇ. ಥೈರಾಕ್ಸಿನ್ ಅದರ ಕಣಗಳಿಗೆ ಅಂಟಿಕೊಳ್ಳುತ್ತದೆ. ಕಬ್ಬಿಣದ ಜೊತೆಗಂತೂ ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತದೆ. ಅಂಥ ಜೋಡಿ ಕರುಳಿನ ಗೋಡೆ ದಾಟಲಾರದೆ ಮಲದ ದಾರಿ ಹಿಡಿಯುತ್ತದೆ. ಪ್ರಮಾಣದ ವ್ಯತ್ಯಾಸವನ್ನೂ ಗಮನಿಸಿ: ನಿಮ್ಮ ಥೈರಾಕ್ಸಿನ್ 100 ಮೈಕ್ರೊಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ. ‘ಕ್ಯಾಲ್ಸಿಯಂ 500’ ಎಂದು ಬರೆದ ಮಾತ್ರೆಯಲ್ಲಿ ಕಾರ್ಬೊನೇಟ್ ಇರುವುದು 1250 ಮಿಲಿಗ್ರಾಂ. ಒಂದು ಕಣಕ್ಕೆ ಹನ್ನೆರಡೂವರೆ ಸಾವಿರ ಪಟ್ಟು ತೂಕದ ಸುಣ್ಣ ಎದುರು ನಿಂತಂತೆ.

ಇದೇ ಸಾಲಿಗೆ ಸೇರುವ ಇನ್ನೂ ಕೆಲವು ಮನೆಯಲ್ಲಿ ಸಾಮಾನ್ಯ: ಗ್ಯಾಸಿಗೆ ಕುಡಿಯುವ ಗುಲಾಬಿ ಬಣ್ಣದ ಆಂಟಾಸಿಡ್ (ಅದರಲ್ಲಿ ಅಲ್ಯುಮಿನಿಯಂ, ಮೆಗ್ನೀಷಿಯಂ ಇರುತ್ತವೆ), ಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಸಿರಪ್, ಸತು–ಕಬ್ಬಿಣ ಬೆರೆತ ಮಲ್ಟಿವಿಟಮಿನ್, ಇಸಬಗೋಲ್. ‘ಇದು ಆಯುರ್ವೇದ, ಏನೂ ಮಾಡದು’ ಎಂದು ಲೆಕ್ಕದಿಂದ ಬಿಟ್ಟುಬಿಡುವ ಶಂಖಭಸ್ಮ, ಪ್ರವಾಳ, ಮಂಡೂರಭಸ್ಮ, ಲೋಹಭಸ್ಮಗಳೂ ಇಲ್ಲೇ ಬರುತ್ತವೆ. ಮೊದಲೆರಡರಲ್ಲಿ ಇರುವುದು ಕ್ಯಾಲ್ಸಿಯಂ, ಉಳಿದೆರಡರಲ್ಲಿ ಕಬ್ಬಿಣ. ಬೆಳಿಗ್ಗೆ ಎದ್ದೊಡನೆ ರಾಗಿ ಮಾಲ್ಟ್ ಕುಡಿಯುವವರೂ ನೆನಪಿಡಿ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ.

ಇನ್ನು ನಿಮಗೆ ಸಲಹೆ ಕೊಟ್ಟವರ ಮಾತು. ಮೆಡಿಕಲ್‌ನವರ ಒಂದು ಗಂಟೆ ಚಹಾಕ್ಕೂ ತಿಂಡಿಗೂ ಸರಿ. ಕ್ಯಾಲ್ಸಿಯಂ, ಕಬ್ಬಿಣ, ಆಂಟಾಸಿಡ್, ಸುಕ್ರಾಲ್ಫೇಟ್‌ಗೆ ಸಾಲದು, ಅವಕ್ಕೆ ನಾಲ್ಕು ಗಂಟೆ ಬೇಕು. ನಾದಿನಿಯ ಮಾತಿನಲ್ಲಿ ಕಾಲುಪಾಲು ನಿಜವಿದೆ. ಪ್ಯಾಂಟೊಪ್ರಜೋಲ್ ಮೇಲಿನ ಕೋಟಿಂಗ್ ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವಂಥದ್ದು, ಅದನ್ನು ಹಾಗೆಂದೇ ಮಾಡಿರುತ್ತಾರೆ. ಕ್ಯಾಲ್ಸಿಯಂ ಮಾತ್ರೆಯ ನುಣುಪು ಹೊದಿಕೆ ಗಂಟಲಿನಲ್ಲಿ ಸುಲಭವಾಗಿ ಜಾರಲೆಂದು ಹಾಕಿದ್ದು, ಹೊಟ್ಟೆಗೆ ಹೋದ ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ. ಅತ್ತೆಯವರ ಹಾಲು ಬೇಡ, ಹಾಲಿನಲ್ಲಿರುವ ಕ್ಯಾಲ್ಸಿಯಂ ಕೂಡ ಥೈರಾಕ್ಸಿನ್‌ಗೆ ಅಡ್ಡಿಯೇ. ಹಾಲು ಕುಡಿಯಲೇಬೇಕಾದರೆ ರಾತ್ರಿ ಕುಡಿಯಿರಿ, ಅವರ ಮಾತೂ ಉಳಿಯುತ್ತದೆ.

ಪ್ಯಾಂಟೊಪ್ರಜೋಲ್‌ನ ವಿಷಯವೇ ಬೇರೆ. ಅದು ಥೈರಾಕ್ಸಿನ್‌ಗೆ ಅಂಟಿಕೊಳ್ಳುವುದಿಲ್ಲ, ಜಠರದಲ್ಲಿ ಆಮ್ಲ ಉತ್ಪಾದಿಸುವ ಪಂಪುಗಳನ್ನೇ ಮುಚ್ಚಿಹಾಕುತ್ತದೆ. ಥೈರಾಕ್ಸಿನ್ ಮಾತ್ರೆ ಚೆನ್ನಾಗಿ ಕರಗಲು ಆ ಆಮ್ಲ ಬೇಕು. ಪ್ಯಾಂಟೊಪ್ರಜೋಲ್ ರಕ್ತದಲ್ಲಿ ಒಂದೆರಡು ಗಂಟೆಗೇ ಅರ್ಧಕ್ಕಿಳಿಯುತ್ತದಾದರೂ ಅದು ಮುಚ್ಚಿದ ಪಂಪು ಮತ್ತೆ ತೆರೆಯುವುದಿಲ್ಲ, ದೇಹ ಹೊಸ ಪಂಪು ಕಟ್ಟಬೇಕು. ಹಾಗಾಗಿ ಒಂದು ಮಾತ್ರೆಯ ಪ್ರಭಾವ ದಿನವಿಡೀ ಇರುತ್ತದೆ. ಇಲ್ಲಿ ನಾಲ್ಕು ಗಂಟೆ ಬಿಟ್ಟರೂ ಎಂಟು ಗಂಟೆ ಬಿಟ್ಟರೂ ಲಾಭವಿಲ್ಲ. ನಿಮಗೆ ಅದು ನಿಜವಾಗಿ ಬೇಕೇ ಎಂಬುದನ್ನು ಬರೆದ ಡಾಕ್ಟರ ಬಳಿಯೇ ಕೇಳಿ. ‘ಬೇರೆ ಮಾತ್ರೆಗಳಿಂದ ಗ್ಯಾಸ್ ಆಗದಿರಲಿ’ ಎಂದು ಜೊತೆಗೆ ಬರೆದ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ಮುಂದುವರಿಯುವುದು ಅತಿ ಸಾಮಾನ್ಯ. ಹುಣ್ಣಿನ ಇತಿಹಾಸವಿದ್ದರೆ, ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನಿತ್ಯ ನುಂಗುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಬಹುದೆಂದರೂ ಥಟ್ಟನೆ ಬಿಟ್ಟರೆ ಮೊದಲ ಒಂದೆರಡು ವಾರ ಎದೆಯುರಿ ಮೊದಲಿಗಿಂತ ಜೋರಾಗಿ ಮರಳಬಹುದು. ಅದನ್ನು ಕಂಡು ‘ಇದಿಲ್ಲದೆ ಆಗುವುದೇ ಇಲ್ಲ’ ಎಂದು ಮತ್ತೆ ಶುರುಮಾಡುವವರೇ ಹೆಚ್ಚು. ಮೆಲ್ಲಗೆ ಇಳಿಸುವುದು ಲೇಸು. ಬೇಕೇಬೇಕು ಎಂದಾದರೆ ಅದನ್ನು ದಿನವೂ ಒಂದೇ ರೀತಿ ತೆಗೆದುಕೊಂಡು, ಥೈರಾಕ್ಸಿನ್ ಡೋಸನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಅಂಥ ಸಂದರ್ಭದಲ್ಲಿ ಡೋಸ್ ಏರಿಸುವುದು ತಪ್ಪಲ್ಲ.

ಅಂಟಿಕೊಳ್ಳುವ ಜಗಳಕ್ಕೆ ಹೊತ್ತು ಬೇರೆ ಮಾಡಿದರೆ ಪರಿಹಾರವಿದೆ. ಆಮ್ಲ ತಗ್ಗಿಸುವ ಜಗಳಕ್ಕೆ ಇಲ್ಲ. ಗಡಿಯಾರಕ್ಕೆ ಬಗ್ಗದ ಮೂರನೆಯ ಬಗೆಯೊಂದಿದೆ: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕರುಳು ಮತ್ತು ಯಕೃತ್ತಿನಲ್ಲಿ ಬೇರೆ ಔಷಧಗಳನ್ನು ಹೊರಹಾಕುವ ಯಂತ್ರಗಳನ್ನೇ ಚುರುಕುಗೊಳಿಸುತ್ತದೆ. ಥೈರಾಕ್ಸಿನ್ ಇರಲಿ, ಗರ್ಭನಿರೋಧಕ ಗುಳಿಗೆ ಇರಲಿ, ಬೆಳಿಗ್ಗೆ ಒಂದು ರಾತ್ರಿ ಒಂದು ಮಾಡಿ ತಪ್ಪಿಸಿಕೊಳ್ಳಲಾಗದು. ನಿಮಗೆ ಅದು ಸಂಬಂಧವಿಲ್ಲ, ‘ಗ್ಯಾಪ್ ಬಿಟ್ಟರೆ ಎಲ್ಲ ಸರಿ’ ಎಂಬ ನಂಬಿಕೆಗೆ ಮಿತಿಯಿದೆ ಎಂದು ತೋರಿಸಲು ಹೇಳಿದೆ.

ಈಗ ನಿಮ್ಮ ದಿನಕ್ಕೆ ಹೊಂದುವ ಹೊತ್ತುಗಳು. ಥೈರಾಕ್ಸಿನ್ ಡಬ್ಬಿಯನ್ನೂ ಒಂದು ಲೋಟ ನೀರನ್ನೂ ರಾತ್ರಿಯೇ ಹಾಸಿಗೆಯ ಪಕ್ಕ ಇಟ್ಟುಕೊಳ್ಳಿ. ಐದು ಕಾಲಿಗೆ ಎದ್ದೊಡನೆ, ಅಡುಗೆಮನೆಗೆ ಕಾಲಿಡುವ ಮೊದಲೇ, ಬರೀ ನೀರಿನಲ್ಲಿ ನುಂಗಿಬಿಡಿ. ಬಿಸಿನೀರೋ ತಣ್ಣೀರೋ ಲೆಕ್ಕಕ್ಕಿಲ್ಲ. ಪ್ಯಾಂಟೊಪ್ರಜೋಲ್ ಮುಂದುವರಿಸುವುದಾದರೆ ತಿಂಡಿಗೆ ಅರ್ಧ ಗಂಟೆ ಮೊದಲು, ಅಂದರೆ ಐದು ಮುಕ್ಕಾಲಿಗೆ. ಚಹಾ ಆರು ಕಾಲಿಗೆ. 6.50 ತಪ್ಪುವುದಿಲ್ಲ. ಕಬ್ಬಿಣ ಆಫೀಸಿನಲ್ಲಿ ಹನ್ನೊಂದರ ಹೊತ್ತಿಗೆ, ನೀರು ಅಥವಾ ಲಿಂಬೆ ಶರಬತ್ತಿನ ಜೊತೆ. ಲಿಂಬೆಯ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಅದರ ಹಿಂದೆಮುಂದೆ ಒಂದೊಂದು ಗಂಟೆ ಕಟಿಂಗ್ ಚಹಾ ಬೇಡ, ಚಹಾದ ಒಗರು ಕಬ್ಬಿಣವನ್ನು ಹಿಡಿದುಬಿಡುತ್ತದೆ. ಕ್ಯಾಲ್ಸಿಯಂ ಮಧ್ಯಾಹ್ನ ಒಂದೂವರೆಗೆ ಡಬ್ಬಾ ಊಟದ ನಡುವೆ. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಊಟದ ಹೊತ್ತಿನಲ್ಲಿ ಅದು ಸಿಗುತ್ತದೆ. ಎರಡು ಬರೆದಿದ್ದರೆ ಇನ್ನೊಂದು ರಾತ್ರಿ ಊಟಕ್ಕೆ. ಒಮ್ಮೆಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಕೊಟ್ಟರೆ ಕರುಳು ಅದೇ ಪ್ರಮಾಣದಲ್ಲಿ ಹೀರುವುದಿಲ್ಲ, ಆದ್ದರಿಂದ ಎರಡನ್ನು ಕೂಡಿಸಿ ನುಂಗುವುದು ದಂಡ. ಕ್ಯಾಲ್ಸಿಯಂ ಸಿಟ್ರೇಟ್‌ಗೆ ಬದಲಾಯಿಸಿದರೆ ಊಟದ ಹಂಗಿಲ್ಲ, ಪ್ಯಾಂಟೊಪ್ರಜೋಲ್ ಇದ್ದವರಿಗೆ ಅದು ವಾಸಿ. ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ದೂರ ಇಡಬೇಕಾದ್ದು ಮಾತ್ರ ಅದಕ್ಕೂ ಅನ್ವಯಿಸುತ್ತದೆ.

ಐದು ಕಾಲಿಗೆ ಏಳುವುದು ಆಗದ ಮಾತು ಎಂದರೆ ರಾತ್ರಿ ಮಲಗುವಾಗ ಥೈರಾಕ್ಸಿನ್ ತೆಗೆದುಕೊಳ್ಳಬಹುದು, ಊಟವಾಗಿ ಮೂರು ಗಂಟೆ ಕಳೆದಿರಬೇಕು. ಒಂಬತ್ತೂವರೆಗೆ ಊಟ ಮಾಡುವ ಮುಂಬಯಿ ಮನೆಗಳಲ್ಲಿ ಇದು ಕಾಗದದ ಮೇಲೆ ಚೆಂದ. ರಾತ್ರಿಯ ಕ್ಯಾಲ್ಸಿಯಂ ಇದ್ದವರಿಗೆ ಆಗುವುದೇ ಇಲ್ಲ. ನಸುಕಿನ ಮೂರು–ನಾಲ್ಕಕ್ಕೆ ಒಮ್ಮೆ ಎಚ್ಚರವಾಗುವ ಅಭ್ಯಾಸವಿದ್ದರೆ ಆಗ ನುಂಗಿ ಮತ್ತೆ ಮಲಗುವುದು ಬಹಳ ಅನುಕೂಲ. ಅರೆನಿದ್ದೆಯಲ್ಲಿ ಎರಡು ಸಲ ನುಂಗದಿರಲು ಆ ದಿನದ ಒಂದೇ ಮಾತ್ರೆಯನ್ನು ಹೊರಗೆ ತೆಗೆದಿಟ್ಟು ಮಲಗಿ.

ಒಂದು ಮಾತು ಮೆಡಿಕಲ್ ಪುಸ್ತಕಗಳಷ್ಟು ಕಟ್ಟುನಿಟ್ಟಾಗಿ ನಾನು ಹೇಳಲಾರೆ. ಚಹಾದ ಅಂತರ ಎಲ್ಲ ದಿನ ಒಂದು ಗಂಟೆ ಸಿಗದಿದ್ದರೆ, ಇಪ್ಪತ್ತೈದು ನಿಮಿಷವಾದರೂ ಸರಿ, ದಿನವೂ ಅಷ್ಟೇ ಇರಲಿ. ನಿತ್ಯ ಒಂದೇ ಸಮನಾದ ಸಣ್ಣ ನಷ್ಟಕ್ಕೆ ಡೋಸ್ ಹೊಂದಿಸಬಹುದು. ವಾರದ ದಿನ ಹತ್ತು ನಿಮಿಷ, ಭಾನುವಾರ ಎರಡು ಗಂಟೆ, ಸಂಕಷ್ಟಿಯ ದಿನ ಸಂಜೆಯವರೆಗೆ ಎಂದಾದರೆ ಯಾವ ಡಾಕ್ಟರಿಗೂ ಲೆಕ್ಕ ಸಿಗದು. ಈ ಸಡಿಲಿಕೆ ಚಹಾಕ್ಕೆ ಮಾತ್ರ. ಕ್ಯಾಲ್ಸಿಯಂ, ಕಬ್ಬಿಣಕ್ಕೆ ಇಲ್ಲ, ಅವು ಬರುತ್ತಾ ಹೋಗುತ್ತಾ ಇರುವ ಅತಿಥಿಗಳು.

ಡೋಸ್ ಎಷ್ಟಿರಬೇಕು? ಥೈರಾಯ್ಡ್ ಡಾಕ್ಟರಿಗೆ ನಾಲ್ಕೂ ಸ್ಟ್ರಿಪ್ ತೋರಿಸಿ, ಯಾವುದು ಯಾವ ಹೊತ್ತಿಗೆ ಎಂದು ಹೇಳಿ. ಎರಡು ದಾರಿ ಸಾಧ್ಯ. 100ರಲ್ಲೇ ಇದ್ದು ಹೊತ್ತು ಮಾತ್ರ ಸರಿಪಡಿಸುವುದು: ಟಿಎಸ್‌ಎಚ್ ಬೇಗ ದಾರಿಗೆ ಬರುತ್ತದೆ, ಆದರೆ ಮಿತಿಗಿಂತ ಕೆಳಗಿಳಿಯುವ ಸಾಧ್ಯತೆಯೂ ಇದೆ. ಹಳೆಯ 75ಕ್ಕೆ ಮರಳಿ ಹೊತ್ತು ಸರಿಪಡಿಸುವುದು: ಹೃದಯಕ್ಕೆ ಕ್ಷೇಮ, ಆದರೆ ಆಯಾಸ, ಮೈಭಾರ ಇನ್ನೆರಡು ತಿಂಗಳು ಎಳೆಯಬಹುದು. ಹೃದಯದ ತೊಂದರೆ ಇಲ್ಲದವರಿಗೆ ಮೊದಲನೆಯದು ಹಿತವೆಂದು ನನ್ನ ಅಭಿಪ್ರಾಯ. ಹೃದ್ರೋಗ ಇದ್ದವರಲ್ಲಿ ಡಾಕ್ಟರು ಎರಡನೆಯದನ್ನು ಆರಿಸಬಹುದು. ಎರಡರಲ್ಲೂ 125 ಸದ್ಯಕ್ಕೆ ಕಾಯಲಿ. ಎದೆ ಹೊಡೆದುಕೊಳ್ಳುವುದು ಕಂಡರೆ ಮುಂದಿನ ಟೆಸ್ಟಿನವರೆಗೆ ಕಾಯದೆ ಡಾಕ್ಟರನ್ನು ಕಾಣಿ.

ಮರುಪರೀಕ್ಷೆ ಆರರಿಂದ ಎಂಟು ವಾರದ ಮೇಲೆ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು, ಟಿಎಸ್‌ಎಚ್ ಅದಕ್ಕಿಂತ ನಿಧಾನ. ಎರಡು ವಾರಕ್ಕೇ ಲ್ಯಾಬಿಗೆ ಓಡಿದರೆ ತಪ್ಪು ದಾರಿ ತೋರಿಸುವ ಅಂಕಿ ಸಿಗುತ್ತದೆ. ಫ್ರೀ ಟಿ4 (ರಕ್ತದಲ್ಲಿರುವ ಥೈರಾಕ್ಸಿನ್‌ನ ಅಳತೆ) ಕೂಡ ನೋಡುವುದಿದ್ದರೆ ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಕೂದಲು ಉದುರುತ್ತದೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದೀರಾ? ಅದು ಮೈಯೊಳಗಿನ ಥೈರಾಯ್ಡಿಗೆ ಏನೂ ಮಾಡದಿದ್ದರೂ ಕೆಲವು ಲ್ಯಾಬ್ ಯಂತ್ರಗಳನ್ನು ಮೋಸಗೊಳಿಸಿ ಟಿಎಸ್‌ಎಚ್ಚನ್ನು ಸುಳ್ಳುಸುಳ್ಳೇ ಕಡಿಮೆ ತೋರಿಸುತ್ತದೆ. ಎರಡು ದಿನ ಮೊದಲೇ ನಿಲ್ಲಿಸಿ, ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲು.

ಮಳೆಗಾಲದ ಮುಂಬಯಿಯಲ್ಲಿ ಮಾತ್ರೆ ಇಡುವ ಜಾಗವೂ ಮುಖ್ಯ. ಥೈರಾಕ್ಸಿನ್‌ಗೆ ತೇವ, ಬೆಳಕು, ಸೆಕೆ ಮೂರೂ ಆಗಿಬರುವುದಿಲ್ಲ. ಅದರ ಡಬ್ಬಿಯಲ್ಲಿಯೇ, ಮುಚ್ಚಳ ಬಿಗಿಯಾಗಿ ಮುಚ್ಚಿ ಇರಲಿ. ಒಲೆಯ ಮೇಲಿನ ಕಪಾಟು, ಬಾತ್‌ರೂಮಿನ ಕಿಟಕಿ ಬೇಡ. ಒಂದೇ ಕಂಪನಿಯ ಮಾತ್ರೆಗೆ ಅಂಟಿಕೊಳ್ಳಿ. ಬದಲಾಯಿಸಬೇಕಾಗಿ ಬಂದರೆ ಆರು ವಾರಕ್ಕೆ ಟಿಎಸ್‌ಎಚ್ ನೋಡಿಸಿ.

ನೀವು ಕೇಳದ ಒಂದು ಸಂಗತಿ ಹೇಳಲೇಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಹಿಮೋಗ್ಲೋಬಿನ್ 9.4 ಆದರೆ ಬರೀ ಕಬ್ಬಿಣ ನುಂಗಿಸಿ ಸುಮ್ಮನಿರಬಾರದು. ಮೊದಲು ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ನೋಡಿ ಅದು ಕಬ್ಬಿಣದ ಕೊರತೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹೌದಾದರೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹೊಟ್ಟೆ, ಕರುಳನ್ನು ಪರೀಕ್ಷಿಸಬೇಕು. ಥೈರಾಕ್ಸಿನ್, ಕಬ್ಬಿಣ ಎರಡೂ ಮೈಗೆ ಹತ್ತದಿದ್ದರೆ ಗೋಧಿ ಒಗ್ಗದ ಸೀಲಿಯಾಕ್ ರೋಗ, ಜಠರದ ಒಳಪೊರೆ ಸವೆದಿರುವುದು, ಜಠರದ ಎಚ್. ಪೈಲೊರಿ ಬ್ಯಾಕ್ಟೀರಿಯಾ ಸೋಂಕು ಇವುಗಳನ್ನೂ ಡಾಕ್ಟರು ನೆನಪಿಸಿಕೊಳ್ಳುತ್ತಾರೆ. ಹೊತ್ತು ಸರಿಪಡಿಸಿ ಎರಡು ತಿಂಗಳಾದರೂ ಟಿಎಸ್‌ಎಚ್ ಇಳಿಯದಿದ್ದರೆ ಈ ಪರೀಕ್ಷೆಗಳನ್ನು ನೀವೇ ಕೇಳಿ. ಕಬ್ಬಿಣದಿಂದ ಹೊಟ್ಟೆ ಕೆಡುತ್ತಿದ್ದರೆ ದಿನಬಿಟ್ಟು ದಿನ ತೆಗೆದುಕೊಳ್ಳುವ ಬಗ್ಗೆಯೂ ಮಾತಾಡಿ. ಒಂದು ಡೋಸ್ ಆದ ಮೇಲೆ ಸುಮಾರು ಒಂದು ದಿನ ದೇಹವೇ ಕಬ್ಬಿಣದ ಬಾಗಿಲನ್ನು ಅರ್ಧ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಬಿಟ್ಟುಬಿಟ್ಟು ಕೊಟ್ಟರೆ ಪ್ರತಿ ಮಾತ್ರೆಯಿಂದ ಹೆಚ್ಚು ಹತ್ತುತ್ತದೆ.

ಕೊನೆಗೆ ನಿಮ್ಮ ಯಜಮಾನರು. ನೆರೆನೀರಿನಲ್ಲಿ ನಡೆದವರಿಗೆ ಇಲಿಜ್ವರ ಬಾರದಂತೆ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ ಕೊಡುವುದು ಮುಂಬಯಿಯಲ್ಲಿ ರೂಢಿ. ಸಾಮಾನ್ಯವಾಗಿ ಒಂದೇ ಸಲ 200 ಮಿಲಿಗ್ರಾಂ, ಕಾಲಿನಲ್ಲಿ ಗಾಯವಿದ್ದರೆ ಹೆಚ್ಚು ದಿನ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡುವುದಿಲ್ಲ, ಮನೆಯಲ್ಲಿ ಉಳಿದ ಮಾತ್ರೆ ಹಂಚಬೇಡಿ. ಹಾಲಿನಿಂದ ಇದರ ಸುಮಾರು ಐದನೇ ಒಂದು ಪಾಲು ನಷ್ಟ. ಹಳೆಯ ಟೆಟ್ರಾಸೈಕ್ಲಿನ್‌ನಲ್ಲಿ ಆಗುತ್ತಿದ್ದಷ್ಟಿಲ್ಲ, ಆದರೂ ಯಾಕೆ ಬೇಕು? ಆಂಟಾಸಿಡ್, ಕಬ್ಬಿಣ, ಸತುವಿನಿಂದ ಆಗುವ ನಷ್ಟ ಬಹಳ ದೊಡ್ಡದು. ಕಬ್ಬಿಣದ ಕತೆ ಇನ್ನೂ ವಿಚಿತ್ರ: ಹೀರಲ್ಪಟ್ಟ ಡಾಕ್ಸಿಸೈಕ್ಲಿನ್ ಪಿತ್ತರಸದ ಜೊತೆ ಮತ್ತೆ ಕರುಳಿಗೆ ಇಳಿಯುತ್ತದೆ, ಅಲ್ಲಿ ಕಬ್ಬಿಣ ಕಾದಿದ್ದರೆ ಆಗಲೂ ಹಿಡಿದುಕೊಳ್ಳುತ್ತದೆ. ಅಂಥ ಗುಳಿಗೆಗಳನ್ನು ಅವರು ತೆಗೆದುಕೊಳ್ಳುತ್ತಿದ್ದರೆ ಗಂಟೆ ಎಣಿಸುವ ಬದಲು ಡಾಕ್ಸಿಸೈಕ್ಲಿನ್ ಇರುವ ದಿನಗಳಲ್ಲಿ ಅವನ್ನು ಬಿಡುವುದೇ ಸುಲಭ. ನಾಲ್ಕಾರು ದಿನ ಕ್ಯಾಲ್ಸಿಯಂ ಇಲ್ಲದಿದ್ದರೆ ಮೂಳೆಗೆ ಏನೂ ಆಗದು.

ಖಾಲಿ ಹೊಟ್ಟೆಯಲ್ಲಿ ಅವರಿಗೆ ವಾಕರಿಕೆ ಬಂದರೆ ಇಡ್ಲಿಯೋ ಪೋಹೆಯೋ ತಿಂದ ಮೇಲೆ ಕೊಡಿ. ಒಂದು ದೊಡ್ಡ ಲೋಟ ನೀರು ಕುಡಿಯಲಿ, ಆಮೇಲೆ ಅರ್ಧ ಗಂಟೆ ಮಲಗದೆ ಕೂತಿರಲಿ. ಈ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಮಾತ್ರೆ ತೆಗೆದುಕೊಂಡ ಮೇಲೂ ಮುಂದಿನ ಮೂರ್ನಾಲ್ಕು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಡಾಕ್ಟರ ಬಳಿ ಹೋಗಿ, ನೀರಿನಲ್ಲಿ ನಡೆದ ತಾರೀಖನ್ನು ಮೊದಲು ಹೇಳಿ.